ಕಣದ ಕ್ಯಾಮೆರಾ ಮೈಸೂರಿನಲ್ಲಿ ಕಾಣದಿರುವುದೇಕೆ?

ಪ್ರಶ್ನೆ: ನಮ್ಮ ಕಾಫಿ ತೋಟದ ಮನೆಗೆ ಫೈಬರ್ ಸಂಪರ್ಕವಿದೆ. ಅಲ್ಲಿಂದ ಗೋದಾಮಿಗೆ ಕೇಬಲ್ ಎಳೆದು ಎರಡನೆಯ ರೌಟರ್ ಇಟ್ಟು, ಕಣದ ಕ್ಯಾಮೆರಾಗಳ ಡಿವಿಆರ್ (ದೃಶ್ಯ ದಾಖಲಿಸುವ ಪೆಟ್ಟಿಗೆ) ಅನ್ನು ಅದಕ್ಕೆ ಜೋಡಿಸಿದ್ದೇವೆ. ಗೋದಾಮಿನ ರೌಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಕೋರಿಕೆಯನ್ನು ಒಳಗಿನ ಸಾಧನಕ್ಕೆ ಒಪ್ಪಿಸುವ ನಿಯಮ) ಮಾಡಿದರೂ ಮೈಸೂರಿನಿಂದ ನೋಡಲು ಆಗುತ್ತಿಲ್ಲ. ತಪ್ಪೆಲ್ಲಿದೆ?
— ಓದುಗರು, ಸಿದ್ದಾಪುರ, ಕೊಡಗು

ಉತ್ತರ: ಹೊರಗಿನಿಂದ ಬರುವ ಕೋರಿಕೆ ಮೊದಲು ತಲುಪುವುದು ಮನೆಯ ರೌಟರನ್ನು, ಅದನ್ನು ಯಾವ ಸಾಧನಕ್ಕೆ ಒಪ್ಪಿಸಬೇಕೆಂಬ ನಿಯಮ ಅಲ್ಲಿ ಇಲ್ಲದಿರುವುದರಿಂದ, ಗೋದಾಮಿನಲ್ಲಿ ನೀವು ಬರೆದ ನಿಯಮದವರೆಗೆ ಅದು ಬರುವುದೇ ಇಲ್ಲ.

ಆದರೆ ನಿಯಮ ತಿದ್ದುವ ಮೊದಲು ಮನೆಯ ರೌಟರಿನ ಸ್ಥಿತಿಪುಟದಲ್ಲಿ ವ್ಯಾನ್ ವಿಳಾಸವನ್ನು, ಅಂದರೆ ಹೊರಜಾಲದ ಕಡೆಯ ವಿಳಾಸವನ್ನು, ನೋಡಿ. ಅದು 10ರಿಂದ ಆರಂಭವಾಗಿದ್ದರೆ, ಇಲ್ಲವೇ 100.64ರಿಂದ 100.127ರ ನಡುವೆ ಇದ್ದರೆ, ಅದು ಇಂಟರ್ನೆಟ್ಟಿನಿಂದ ನೇರವಾಗಿ ತಲುಪಬಹುದಾದ ಸಾರ್ವಜನಿಕ ವಿಳಾಸವಲ್ಲ. ಇಂಟರ್ನೆಟ್ ವಿಳಾಸಗಳ ಐಪಿವಿ4 ಪದ್ಧತಿಯಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸಗಳಾದ್ದರಿಂದ ಸೇವಾದಾರರು ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತಾರೆ, 100.64ರ ಸರಣಿಯನ್ನು 2012ರಲ್ಲಿ ಇದಕ್ಕೆಂದೇ ಮೀಸಲಿಡಲಾಯಿತು. ಹೀಗಿದ್ದಲ್ಲಿ ನಿಮ್ಮ ಮನೆಯೊಳಗಿನ ಯಾವ ನಿಯಮವೂ ಫಲ ಕೊಡದು. ಸೇವಾದಾರರಿಂದ ಸ್ಥಿರ ಸಾರ್ವಜನಿಕ ಐಪಿ ಕೇಳಿ ಪಡೆಯಬೇಕು, ಇಲ್ಲವೇ ಡಿವಿಆರ್ ತಾನೇ ಹೊರಗಿನ ಸರ್ವರಿಗೆ ಸಂಪರ್ಕ ಸಾಧಿಸುವಂಥ, ಅದರ ತಯಾರಕರ ಆ್ಯಪ್ ಬಳಸಬೇಕು.

ವಿಳಾಸ ಸಾರ್ವಜನಿಕವಾಗಿದ್ದರೆ, ಗೋದಾಮಿನ ರೌಟರನ್ನು ಬರಿಯ ಸ್ವಿಚ್ಚಿನಂತೆ ಬಳಸುವುದೇ ಲೇಸೆಂದು ನನ್ನ ಅಭಿಪ್ರಾಯ. ಮನೆಯ ರೌಟರ್ 192.168.1.1 ಆಗಿದ್ದರೆ ಇದಕ್ಕೆ 192.168.1.2 ಎಂಬ ಬೇರೆ ವಿಳಾಸ ಕೊಟ್ಟು, ಡಿಎಚ್‌ಸಿಪಿ (ತಾನಾಗಿ ವಿಳಾಸ ಹಂಚುವ ವ್ಯವಸ್ಥೆ) ನಿಲ್ಲಿಸಿ, ಕೇಬಲನ್ನು ವ್ಯಾನ್ ಕಿಂಡಿಯಿಂದ ತೆಗೆದು ಒಳಜಾಲದ ಲ್ಯಾನ್ ಕಿಂಡಿಗೆ ಚುಚ್ಚಿ. ಆಗ ಡಿವಿಆರ್ ಮನೆಯ ಜಾಲಕ್ಕೇ ಸೇರುತ್ತದೆ. ಅದರ ವಿಳಾಸ ಬದಲಾಗದಂತೆ ಮನೆಯ ರೌಟರಿನಲ್ಲಿ ಕಾಯ್ದಿರಿಸಿ. ಗೋದಾಮಿನ ಜಾಲ ಪ್ರತ್ಯೇಕವಾಗಿಯೇ ಇರಬೇಕೆಂದಾದರೆ ಅಲ್ಲಿ ನ್ಯಾಟ್ (ವಿಳಾಸ ಬದಲಿಸುವ ವ್ಯವಸ್ಥೆ) ನಿಲ್ಲಿಸಿ, ಗೋದಾಮಿನ (ಉದಾಹರಣೆಗೆ 192.168.2.0) ಜಾಲಕ್ಕೆ ಹೋಗುವ ದಾರಿ ಗೋದಾಮಿನ ರೌಟರಿನ ಮೂಲಕ ಎಂಬ ಸ್ಥಿರ ಮಾರ್ಗವನ್ನು ಮನೆಯ ರೌಟರಿನಲ್ಲಿ ಬರೆಯಬೇಕಾಗುತ್ತದೆ. ಎಲ್ಲ ಗೃಹಬಳಕೆಯ ರೌಟರುಗಳಲ್ಲಿ ಈ ಸೌಲಭ್ಯ ಇರುವುದಿಲ್ಲ.

ಡಿವಿಆರ್‌ನ ಪೋರ್ಟನ್ನೇ ನೇರವಾಗಿ ಲೋಕಕ್ಕೆ ತೆರೆಯಬೇಡಿ ಎಂದು ಒತ್ತಿ ಹೇಳುತ್ತೇನೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ, ಕಾರ್ಖಾನೆಯ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟಿದ್ದ ಕ್ಯಾಮೆರಾ ಮತ್ತು ಡಿವಿಆರ್‌ಗಳನ್ನೇ ಲಕ್ಷಗಟ್ಟಲೆ ವಶಪಡಿಸಿಕೊಂಡಿತ್ತು. ಮನೆಯ ರೌಟರಿನಲ್ಲಿ ವೈರ್‌ಗಾರ್ಡ್ ಅಥವಾ ಓಪನ್‌ವಿಪಿಎನ್ ಎಂಬ ವಿಪಿಎನ್ (ಸುರಕ್ಷಿತ ಖಾಸಗಿ ಸಂಪರ್ಕ) ಸೌಲಭ್ಯವಿದ್ದರೆ ಅದರ ಮೂಲಕ ಒಳಬಂದು ಕ್ಯಾಮೆರಾ ನೋಡಿ. ಆಗ ಡಿವಿಆರ್‌ಗಾಗಿ ಪೋರ್ಟ್ ಫಾರ್ವರ್ಡಿಂಗ್ ಮಾಡುವ ಅಗತ್ಯವೇ ಬೀಳದು.

ಪರೀಕ್ಷಿಸುವಾಗ ಫೋನಿನ ವೈಫೈ ಆರಿಸಿ ಮೊಬೈಲ್ ಡೇಟಾ ಬಳಸಿ, ಏಕೆಂದರೆ ಮನೆಯೊಳಗಿನಿಂದ ಸ್ವಂತ ಸಾರ್ವಜನಿಕ ವಿಳಾಸಕ್ಕೆ ಹೋಗಲು ಅನೇಕ ರೌಟರುಗಳು ಬಿಡುವುದಿಲ್ಲ. ಸ್ಥಿರ ಐಪಿ ಇಲ್ಲದಿದ್ದರೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ವಿಳಾಸ ಬದಲಾಗಬಹುದು. ಆದ್ದರಿಂದ ಡೈನಮಿಕ್ ಡಿಎನ್‌ಎಸ್ (ವಿಳಾಸ ಬದಲಾದರೂ ಅದನ್ನೇ ತೋರುವ) ಹೆಸರೊಂದನ್ನು ರೌಟರಿನಲ್ಲಿ ನೋಂದಾಯಿಸಿ, ಫೈಬರ್ ಪೆಟ್ಟಿಗೆ, ಎರಡೂ ರೌಟರುಗಳು, ಡಿವಿಆರ್ ಮತ್ತು ಕ್ಯಾಮೆರಾಗಳಿಗೆ ಯುಪಿಎಸ್ ಸಂಪರ್ಕ ಕೊಡಿ.