ಪೆನ್ಷನ್ ಬ್ಯಾಂಕಿಗೆ ಬರುತ್ತದಲ್ಲ, ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಏನು ಲಾಭ?

ಮುಂದಿನ ತಿಂಗಳು ಸೇನೆಯಿಂದ ರಿಟೈರ್ ಆಗುತ್ತಿದ್ದೀರಿ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಹೆಸರು ನೋಂದಾಯಿಸಲೇಬೇಕಾ ಅಂತ ಕೇಳಿದ್ದೀರಿ. ನಾನು ಹದಿನೇಳು ವರ್ಷ ಸರ್ವಿಸ್ ಮಾಡಿ ಹವಾಲ್ದಾರ್ ಆಗಿ ಊರಿಗೆ ಬಂದವನು. ಆರು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಮಗಳು ಬಿ.ಇ. ಸೇರಿದಳು. ಮಾಜಿ ಸೈನಿಕರ ಮಕ್ಕಳಿಗೆ ಕೊಡುವ ಪ್ರಧಾನಮಂತ್ರಿ ಸ್ಕಾಲರ್‌ಶಿಪ್‌ನಲ್ಲಿ ಹೆಣ್ಣುಮಕ್ಕಳಿಗೆ ತಿಂಗಳಿಗೆ 3000 ರೂಪಾಯಿ ಇದೆ ಅಂತ ಜೊತೆಯಲ್ಲಿದ್ದವನೊಬ್ಬ ಹೇಳಿದ. ಅದಕ್ಕೆ ಜಿಲ್ಲಾ ಕಚೇರಿಯ ಸರ್ಟಿಫಿಕೇಟ್ ಬೇಕೇ ಬೇಕು. ಆಗ ಓಡಿದೆ. ಅಲ್ಲಿಯವರು ನನ್ನ ಸರ್ವಿಸ್, ಕುಟುಂಬದ ವಿವರ ಇರುವ ಡಿಸ್ಚಾರ್ಜ್ ಬುಕ್ ತೆರೆದು, "ಸರ್, ಈ ಹೆಸರಿನ ಮಗಳು ಇದರಲ್ಲಿ ಇಲ್ಲವಲ್ಲ" ಅಂದರು.

ಅವಳು ಹುಟ್ಟಿದಾಗ ನಾನು ಗಡಿಯಲ್ಲಿದ್ದೆ. ನಾಮಕರಣ ಆಗಿರಲಿಲ್ಲ. ಅಮ್ಮ ಫೋನಿನಲ್ಲಿ ಕರೆಯುತ್ತಿದ್ದ ಮುದ್ದಿನ ಹೆಸರನ್ನೇ ಯೂನಿಟ್ ಆಫೀಸಿನಲ್ಲಿ ಬರೆಸಿದೆ. ಮದುವೆ, ಮಕ್ಕಳ ವಿವರವನ್ನು ಸೇನೆಯ ದಾಖಲೆಗೆ ಸೇರಿಸುವ ಪಾರ್ಟ್ ಟೂ ಆರ್ಡರ್ ಅದೇ ಹೆಸರಲ್ಲಿ ಆಯಿತು. ಶಾಲೆಯಲ್ಲಿ ಬೇರೆ ಹೆಸರು. ಡಿಸ್ಚಾರ್ಜ್ ಬುಕ್ ಕೈಗೆ ಬಂದ ದಿನ ಆ ಪುಟ ನೋಡಿದ್ದೆ. ದಿನಾ ಕರೆಯುವ ಹೆಸರು ಅಲ್ವಾ, ತಪ್ಪು ಅಂತ ಕಣ್ಣಿಗೆ ಬೀಳಲೇ ಇಲ್ಲ. ಅಫಿಡವಿಟ್, ಜನನ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡ್ ಎಲ್ಲ ಸೇನೆಯ ರೆಕಾರ್ಡ್ಸ್ ಆಫೀಸಿಗೆ ಹೋಗಿ ತಿದ್ದುಪಡಿ ಬರುವಷ್ಟರಲ್ಲಿ ಕೊನೆಯ ದಿನಾಂಕ ದಾಟಿತ್ತು. ಮುಂದಿನ ವರ್ಷ ಹಾಕೋಣ ಅಂದರೆ, ಹೊಸ ಅರ್ಜಿ ಮೊದಲ ವರ್ಷದವರಿಗೆ ಮಾತ್ರ. ನಾಲ್ಕು ವರ್ಷಕ್ಕೆ 1,44,000 ರೂಪಾಯಿ ಹೋಯಿತು. ಆ ಫೀಸಿಗೆ ನನ್ನ ಹೆಂಡತಿ ಬಳೆ ಅಡವಿಟ್ಟಳು.

ಹಾಗಾಗಿ ಲಾಭ ಏನು ಅನ್ನುವ ಪ್ರಶ್ನೆಯೇ ಸರಿಯಿಲ್ಲ ಅಂತೀನಿ. ಪೆನ್ಷನ್‌ಗೆ ಸ್ಪರ್ಶ್ ಪೋರ್ಟಲ್, ಆಸ್ಪತ್ರೆಗೆ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್, ಅವೆಲ್ಲ ಕೇಂದ್ರದವು. ಈ ಕಚೇರಿ ರಾಜ್ಯ ಸರ್ಕಾರದ್ದು. ನೀವು ಮಾಜಿ ಸೈನಿಕ, ಇವರು ನಿಮ್ಮ ಹೆಂಡತಿ ಮಕ್ಕಳು ಅಂತ ಬರೆದುಕೊಡುವವರು ಅವರೇ. ನಾಳೆ ನಿಮಗೇನಾದರೂ ಆದರೆ ಮನೆಯವರು ಹೋಗಬೇಕಾದದ್ದೂ ಅಲ್ಲಿಗೇ.

ನೀವಿನ್ನೂ ಯೂನಿಟ್‌ನಲ್ಲಿದ್ದೀರಿ, ಅದು ದೊಡ್ಡ ಪುಣ್ಯ. ನಾಳೆಯೇ ಹೆಡ್ ಕ್ಲರ್ಕ್ ಹತ್ತಿರ ಕೂತು ಹೆಂಡತಿ, ಮಕ್ಕಳ ಹೆಸರು, ಹುಟ್ಟಿದ ದಿನಾಂಕ ಆಧಾರ್ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ಊರಿಗೆ ಬಂದ ವಾರದಲ್ಲೇ ನೋಂದಣಿ ಮಾಡಿಸಿ. ಲಗೇಜ್ ಆಮೇಲೆ ಬಿಚ್ಚಿದರಾಯಿತು.

ಮಗನ ಹೆಸರಲ್ಲೂ ಒಂದು ಅಕ್ಷರ ತಪ್ಪಿತ್ತು, ಆಗಲೇ ಸರಿ ಮಾಡಿಸಿದೆ. ಅವನೀಗ ಎರಡನೇ ಪಿಯುಸಿ.