ನರಕ್ಕೆ ಪೆಟ್ಟು ಬಿದ್ದ ಜಾಗಕ್ಕೂ ನೋವಿನ ತೀವ್ರತೆಗೂ ಏನು ಸಂಬಂಧ?

ಮೂಡಿಗೆರೆಯ ಕಾಫಿ ತೋಟದಲ್ಲಿ ಕತ್ತಿ ತಗುಲಿ ಬೆರಳಿನ ನರ ಕಡಿದುಕೊಂಡವರಿಗೆ ಮುಟ್ಟಿದಾಗ ಮಾತ್ರ ನೋವು, ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವರಿಗೆ ಮರಗಟ್ಟಿದ ಕೈಯೇ ಹಗಲಿರುಳು ಉರಿಯುತ್ತದೆ, ಇದೇಕೆ ಎಂದು ಕೇಳಿದ್ದೀರಿ.

ಸಂವೇದನಾ ನರಕೋಶಗಳ ಒಡಲು ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿದೆ. ಪೆಟ್ಟು ಅದರಿಂದ ದೂರದಲ್ಲಿ, ಬೆರಳಿನಲ್ಲಿಯೋ ಮುಂಗೈಯಲ್ಲಿಯೋ ಆದರೆ, ತುಂಡಾದ ತಂತು ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಮತ್ತೆ ಬೆಳೆಯಲು ಯತ್ನಿಸುತ್ತದೆ. ದಾರಿ ಸಿಗದೆ ಸುರುಳಿಗಟ್ಟಿದರೆ ಅಲ್ಲೊಂದು ಸಣ್ಣ ಗಡ್ಡೆಯಾಗಿ, ತಟ್ಟಿದರೆ ಕರೆಂಟು ಹೊಡೆದಂತಾಗುತ್ತದೆ.

ನನಗೆ ಹೆಚ್ಚು ಕಳವಳವಾಗುವುದು ಎರಡನೆಯವರ ವಿಷಯದಲ್ಲಿ. ಬೀಳುವಾಗ ಕುತ್ತಿಗೆಯೂ ಭುಜವೂ ವಿರುದ್ಧ ದಿಕ್ಕಿಗೆ ಜಗ್ಗಿದರೆ ನರದ ಬೇರು ಬೆನ್ನುಹುರಿಯಿಂದಲೇ ಕಿತ್ತುಬರಬಹುದು. ಆಗ ಕೈಯಿಂದ ಸಂದೇಶಗಳು ನಿಂತುಹೋಗಿ, ಹುರಿಯೊಳಗಿನ ನೋವಿನ ಕೋಶಗಳು ತಾವಾಗಿಯೇ ಕೆರಳುತ್ತವೆ. ಮಿದುಳು ಅದನ್ನು ಕೈಯ ಉರಿಯೆಂದೇ ತಿಳಿಯುತ್ತದೆ. ನರಗಾಯಗಳಲ್ಲಿ ಇದು ಅತಿ ತೀವ್ರವಾದ ನೋವುಗಳಲ್ಲೊಂದು, ಸಾಮಾನ್ಯ ನೋವಿನ ಮಾತ್ರೆಗಳಿಗೆ ಬಗ್ಗುವುದು ಅಪರೂಪ. ನರ ಜೋಡಣೆಯಂಥ ಶಸ್ತ್ರಚಿಕಿತ್ಸೆ ಮೊದಲ 3ರಿಂದ 6 ತಿಂಗಳೊಳಗೆ ನಡೆದರೆ ಫಲ ಹೆಚ್ಚು. ಆದ್ದರಿಂದ ಎಣ್ಣೆ ತಿಕ್ಕಿಸುತ್ತಾ ಕಾಯದೆ ಅವರನ್ನು ಬೇಗನೆ ನರತಜ್ಞರಿಗೆ ತೋರಿಸಿ, ಎಂ.ಆರ್.ಐ. ಮತ್ತು ನರವಾಹಕತೆಯ ಪರೀಕ್ಷೆಯ ಬಗ್ಗೆ ಕೇಳಿ.

ಯಾವ ನರ ಎಂಬುದೂ ಮುಖ್ಯ. ಅಂಗೈಗೆ ಸಂವೇದನೆ ಕೊಡುವ ಮೀಡಿಯನ್ ನರದಲ್ಲಿ ಸಂವೇದನಾ ತಂತುಗಳು ಹೇರಳವಾಗಿರುವುದರಿಂದ, ಅದರ ಭಾಗಶಃ ಗಾಯವೂ ಸುಡುವ ನೋವು ತರಬಲ್ಲದು. ಇಂಥ ಉರಿಯನ್ನು ಅಮೆರಿಕದ ಅಂತರ್ಯುದ್ಧದ ಗಾಯಾಳುಗಳಲ್ಲಿ ಕಂಡು ವೈದ್ಯ ವೀರ್ ಮಿಚೆಲ್ 1864ರಲ್ಲಿಯೇ ವಿವರಿಸಿದ್ದರು.