ಝಬಿಕ್ಸ್: ಮೀಸಲು ಸರ್ವರ್ ಎದ್ದರೂ ಮಾಹಿತಿ ಬರುತ್ತಿಲ್ಲ, ಏಕೆ?

ಪ್ರಶ್ನೆ: ಕಾಲೇಜಿನ ನೆಟ್‌ವರ್ಕ್ ನಿಗಾಕ್ಕೆ ಝಬಿಕ್ಸ್ 6.0 ಹಾಕಿ, ಎರಡು ಸರ್ವರ್‌ಗಳ ಎಚ್‌ಎ ಕ್ಲಸ್ಟರ್ (ಒಂದು ನಿಂತರೆ ಇನ್ನೊಂದು ಕೆಲಸ ವಹಿಸಿಕೊಳ್ಳುವ ಜೋಡಿ) ಮಾಡಿದ್ದೇವೆ. ಮೊದಲನೆಯದನ್ನು ನಿಲ್ಲಿಸಿದರೆ ಎರಡನೆಯದು ಆಕ್ಟಿವ್ ಆಗುತ್ತದೆ. ಆದರೆ ವೆಬ್ ಪುಟ ‘ಸರ್ವರ್ ಓಡುತ್ತಿಲ್ಲ’ ಎನ್ನುತ್ತದೆ, ಅರ್ಧ ಯಂತ್ರಗಳಿಂದ ಮಾಹಿತಿಯೂ ಬರುವುದಿಲ್ಲ. ತಪ್ಪೆಲ್ಲಿ?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಕ್ಲಸ್ಟರ್ ಸರಿಯಾಗಿಯೇ ಇದೆ. ಆಕ್ಟಿವ್ ಸರ್ವರ್ ಬದಲಾದದ್ದು ವೆಬ್ ಪುಟಕ್ಕೂ ಏಜೆಂಟ್‌ಗಳಿಗೂ (ಪ್ರತಿ ಯಂತ್ರದಲ್ಲಿದ್ದು ಸರ್ವರ್‌ಗೆ ಮಾಹಿತಿ ಕೊಡುವ ತಂತ್ರಾಂಶ) ತಿಳಿದಿಲ್ಲ, ಅಷ್ಟೆ.

ಎರಡೂ ಸರ್ವರ್‌ಗಳ ಕಾನ್ಫಿಗ್ ಫೈಲಿನಲ್ಲಿ ‘ಎಚ್‌ಎ ನೋಡ್ ನೇಮ್’ ಜೊತೆಗೆ ‘ನೋಡ್ ಅಡ್ರೆಸ್’ ಕೂಡ ಕೊಟ್ಟಿದ್ದೀರಾ ನೋಡಿ. ಅದು ಖಾಲಿಯಿದ್ದರೆ ವೆಬ್ ಪುಟ ಲೋಕಲ್‌ಹೋಸ್ಟ್‌ನಲ್ಲೇ (ತಾನಿರುವ ಯಂತ್ರದಲ್ಲೇ) ಸರ್ವರನ್ನು ಹುಡುಕುತ್ತದೆ. ವೆಬ್ ಪುಟದ ಪಿಎಚ್‌ಪಿ ಕಾನ್ಫಿಗ್‌ನಲ್ಲಿ ಸರ್ವರ್ ವಿಳಾಸ, ಪೋರ್ಟ್ ಬರೆದಿರುವ ಎರಡು ಸಾಲುಗಳನ್ನು ಕಾಮೆಂಟ್ ಮಾಡಿ (ಅಂದರೆ ಲೆಕ್ಕಕ್ಕೆ ಬಾರದಂತೆ ಮಾಡಿ). ಆಗಷ್ಟೇ ಅದು ಆಕ್ಟಿವ್ ನೋಡ್ (ಸರ್ವರ್) ಯಾವುದೆಂದು ಡೇಟಾಬೇಸ್‌ನಿಂದ ಓದಿಕೊಳ್ಳುತ್ತದೆ.

ಏಜೆಂಟ್‌ನಲ್ಲಿ ಹೆಚ್ಚಿನವರು ಎಡವುವುದು ಒಂದು ಚಿಹ್ನೆಯಲ್ಲಿ. ‘ಸರ್ವರ್’ ಸಾಲಿನಲ್ಲಿ ಎರಡು ವಿಳಾಸಗಳ ನಡುವೆ ಅಲ್ಪವಿರಾಮ; ‘ಸರ್ವರ್ ಆಕ್ಟಿವ್’ ಸಾಲಿನಲ್ಲಿ ಅರ್ಧವಿರಾಮ (;). ಅಲ್ಲಿ ಅಲ್ಪವಿರಾಮ ಹಾಕಿದರೆ ಏಜೆಂಟ್ ಅವೆರಡನ್ನೂ ಬೇರೆ ಬೇರೆ ಸರ್ವರ್‌ಗಳೆಂದು ತಿಳಿದು ಎರಡಕ್ಕೂ ಕಳಿಸಲು ನೋಡುತ್ತದೆ. ಸ್ಟ್ಯಾಂಡ್‌ಬೈ (ಕಾಯುತ್ತಿರುವ ಮೀಸಲು ಸರ್ವರ್) ಉತ್ತರಿಸದೆ ಲಾಗ್ ತುಂಬ ಎರರ್. ಮಾಹಿತಿಯೇ ಬಾರದ ಯಂತ್ರಗಳಲ್ಲಿ ಬಹುಶಃ ಹಳೆಯ ವಿಳಾಸ ಒಂದೇ ಇದೆ. ತಿದ್ದಿದ ಮೇಲೆ ಏಜೆಂಟ್ ರೀಸ್ಟಾರ್ಟ್ ಮಾಡಿ. ಫೈರ್‌ವಾಲ್‌ನಲ್ಲಿ ಎರಡನೇ ಸರ್ವರ್‌ಗೂ 10051 ಪೋರ್ಟ್, ಅದರಿಂದ ಏಜೆಂಟ್‌ಗಳಿಗೆ 10050 ಪೋರ್ಟ್ ತೆರೆದಿರಲಿ. ಎಕ್ಸ್‌ಟರ್ನಲ್ ಸ್ಕ್ರಿಪ್ಟ್, ಅಲರ್ಟ್ ಸ್ಕ್ರಿಪ್ಟ್‌ಗಳು ಎರಡನೇ ಸರ್ವರ್‌ಗೆ ತಾವಾಗಿ ನಕಲಾಗುವುದಿಲ್ಲ, ನೀವೇ ಹಾಕಬೇಕು.

ಪ್ರಶ್ನೆ: ನಮ್ಮ ಝಬಿಕ್ಸ್ ಕ್ಲಸ್ಟರ್‌ನಲ್ಲಿ ಸರ್ವಿಸ್ ನಿಲ್ಲಿಸಿದಾಗ ಆಕ್ಟಿವ್ ಸರ್ವರ್ ಕೆಲವೇ ಸೆಕೆಂಡಿನಲ್ಲಿ ಬದಲಾಗುತ್ತದೆ, ಕರೆಂಟ್ ಹೋದಾಗ ಮಾತ್ರ ಒಂದು ನಿಮಿಷ ಹಿಡಿಯಿತು. ಹಳೆಯದು ಮತ್ತೆ ಎದ್ದರೂ ಆಕ್ಟಿವ್ ಆಗಲಿಲ್ಲ.
– ಓದುಗರು, ಶಿವಮೊಗ್ಗ

ಉತ್ತರ: ಎರಡೂ ದೋಷವಲ್ಲ. ಸರಿಯಾಗಿ ನಿಲ್ಲಿಸಿದ ಸರ್ವರ್ ‘ನಿಂತಿದ್ದೇನೆ’ ಎಂದು ಡೇಟಾಬೇಸ್‌ನಲ್ಲಿ ಬರೆದು ಹೋಗುತ್ತದೆ. 5 ಸೆಕೆಂಡಿಗೊಮ್ಮೆ ನೋಡುವ ಸ್ಟ್ಯಾಂಡ್‌ಬೈ ಕೂಡಲೇ ಎದ್ದುಕೊಳ್ಳುತ್ತದೆ. ಕರೆಂಟ್ ಹೋದರೆ ಬರೆಯಲು ಸಮಯವೆಲ್ಲಿ? ಸ್ಟ್ಯಾಂಡ್‌ಬೈ ಫೇಲ್‌ಓವರ್ ಡಿಲೇ (ಕೆಲಸ ವಹಿಸಿಕೊಳ್ಳುವ ಮುನ್ನ ಕಾಯುವ ಅವಧಿ) ಮುಗಿಯುವವರೆಗೆ ಕಾಯಲೇಬೇಕು. ಅದು ಮೂಲತಃ 1 ನಿಮಿಷ; 10 ಸೆಕೆಂಡಿನಿಂದ 15 ನಿಮಿಷದವರೆಗೆ ಬದಲಾಯಿಸಬಹುದು. ನಮ್ಮ ಸಲಹೆ, 1 ನಿಮಿಷಕ್ಕಿಂತ ಇಳಿಸಬೇಡಿ: ಬ್ಯಾಕಪ್ ನಡೆಯುವಾಗ ಡೇಟಾಬೇಸ್ ತುಸು ತಡವಾದರೂ ಸರ್ವರ್‌ಗಳು ಸುಮ್ಮನೆ ಅದಲುಬದಲಾಗುತ್ತವೆ.

ಮರಳಿ ಬಂದ ಸರ್ವರ್ ಸ್ಟ್ಯಾಂಡ್‌ಬೈ ಆಗಿಯೇ ಉಳಿಯುತ್ತದೆ. ಅದೇ ಆಕ್ಟಿವ್ ಆಗಬೇಕೆಂದರೆ ಈಗಿನ ಆಕ್ಟಿವನ್ನು ರೀಸ್ಟಾರ್ಟ್ ಮಾಡುವ ಬದಲು ಪೂರ್ತಿ ನಿಲ್ಲಿಸಿ, ಇನ್ನೊಂದು ಆಕ್ಟಿವ್ ಆದದ್ದನ್ನು ಖಚಿತಪಡಿಸಿಕೊಂಡು, ಬಳಿಕ ಶುರು ಮಾಡಿ. ಎರಡೂ ಒಂದೇ ಡೇಟಾಬೇಸನ್ನು ನಂಬಿರುವುದರಿಂದ, ಅದು ಬಿದ್ದರೆ ಈ ಏರ್ಪಾಡು ಉಪಯೋಗಕ್ಕೆ ಬಾರದು. ಡೇಟಾಬೇಸ್‌ಗೆ ಪ್ರತ್ಯೇಕ ರೆಪ್ಲಿಕಾ (ನಕಲು ಪ್ರತಿ) ಇಡಿ.